ಕುಂತ ಮೈಯ ಅಳತಿ

ಗಾಡಿ ಬಂದಾಗ ನಾ ಟ್ರ್ಯಾಕ್ಟರ್ ಸೀಟಿಗಿ ರೆಕ್ಸಿನ್ ಬಡೀತಿದ್ದೆ.
ಕೆಂಪು. ಎರಡೇ ಬಾಗಲು. ನೆಲಕ್ಕ ಹೊಟ್ಟಿ ಹಚ್ಚಿ
ಹುಮನಾಬಾದ್ ಬೇಸಿನ ಧೂಳ ಮೂಸುಕೋತ
ಬಂದು ನಿಂತಿತು ಅಂಗಡಿ ಮುಂದ.
ಮದಲ ಒಂದು ಕಾಲು ಹೊರಗ ಬಂತು.
ಭಾಳ ಹೊತ್ತಿನ ಮ್ಯಾಲ ಇನ್ನೊಂದು.
ಆಮ್ಯಾಲ, ಬಾವ್ಯಾಗಿಂದ ಕೊಡ ಜಗ್ಗಿದಂಗ,
ಅಂಬಾರಾಯ ಕಡಗಂಚಿ.

‘ಲಾಡ್ಲೆಭಾಯಿ, ಆರು ಫೂಟಿನ ಮನಷ್ಯಾ ನಾ.
ಛತ್ತು ತಲಿಗಿ ಬಡೀತದ, ಸ್ಟೇರಿಂಗ್ ತೊಡಿಗಿ.
ಸೇಡಂ ತನಾ ಹೋಗಿ ಬರೂದ್ರಾಗ
ಎಡಗಾಲು ಜುಂ ಹಿಡೀತದ.
ಇಷ್ಟು ರೊಕ್ಕ ಸುರದು
ನನ್ನ ಗಾಡ್ಯಾಗ ನಾನೇ ಸಾಮಾನ ಆಗೀನಿ.’

ಯಾವ ದೇಶದವ್ನ ಬೆನ್ನು ನೋಡಿ ಹೊಲದಾರೋ ಇದನ್ನ.
ಸಣ್ಣ ಟೊಂಕ, ಅಗಲ ಹೆಗಲು, ಎರಡೂ ಕಡಿ ಸರಿಸಮ.
ಒಮ್ಮಿನೂ ಭಾರ ಎತ್ತದಾಂವ ಇರಬೇಕು.
ಮಗ್ಗಲಿಗಿ ರೆಕ್ಕಿ ಉಬ್ಬಿಸ್ಯಾರ, ತಿರುವಿನ್ಯಾಗ ಹಿಡಿಲಾಕ.
ಹಿಡಿಯೂದು ಬ್ಯಾರೆ, ಒತ್ತೂದು ಬ್ಯಾರೆ.
ಮ್ಯಾಲ ಕರೇ ತೊಗಲು.
ಮೇ ತಿಂಗಳ ಕಲಬುರಗ್ಯಾಗ ಅದರ ಮ್ಯಾಲ ಕುಂದ್ರೂದಂದ್ರ
ಹಂಚಿನ ಮ್ಯಾಲಿನ ರೊಟ್ಟಿ ಆಗೂದು.

ಟೇಪ್ ಹಿಡದೆ. ಟೇಪಿಗಿ ನಿಂತ ಮನಷ್ಯಾ ತಿಳೀತಾನ,
ಕುಂತಾಂವ ತಿಳಿಯಂಗಿಲ್ಲ.
‘ಸಾವಕಾರ್ರ, ಮಿಲ್ಲಿನಿಂದ
ಅರ್ಧ ಚೀಲ ತೊಗರಿಬ್ಯಾಳಿ ಕಳಸ್ರಿ.’
‘ತಿನ್ನಾಕೇನು?’
‘ಕುಂದ್ರಾಕ.’

ಹಳೇ ಚಾದರ ಸಡ್ಲಾಗಿ ಹೊಲದು ಬ್ಯಾಳಿ ತುಂಬಿ
ತೆಳಗೊಂದು ಬೆನ್ನಿಗೊಂದು ಇಟ್ವಿ, ನಾನು, ಮೌನೇಶ.
‘ಸ್ಟೇರಿಂಗ್ ಹಿಡೀರಿ. ಕ್ಲಚ್ ಒತ್ರಿ. ಉಸರ ಬಿಡ್ರಿ.
ಆಳಂದ ರಸ್ತಾ ನೆನಸ್ರಿ.’
ಬ್ಯಾಳಿ ಸರ್ ಅಂತ ಸರದು, ಜಾಗ ಹುಡುಕಿ,
ಗಪ್ ಆತು.

ಎಬ್ಬಿಸಿ ನೋಡಿದ್ರ
ಬಲಗಡಿ ಕುಣಿ ಎರಡು ಬೆರಳು ಆಳ.
ಎಡ ಹೆಗಲು ಒರಗೇ ಇಲ್ಲ.
ಬೆನ್ನ ನಡಬರಕ ಒಂದು ಸೊಟ್ಟ ಗೆರಿ,
ಹೊಲದಾಗ ಬಂಡಿ ದಾರಿ ಬಿದ್ದಂಗ.

‘ಯಾವ ಹೆಗಲಿಗಿ ಹೊರತಿದ್ರಿ?’
ಅಂವ ಭಾಳ ಹೊತ್ತು ಬಾನೆಟ್ ಒರಸಿದ.
‘ಬಲಕ್ಕ. ಹದಿನಾಲ್ಕು ವರ್ಷ. ಗಂಜಿನ್ಯಾಗ.
ಎಲ್ಲಾ ನೂರು ಕಿಲೋದ ಚೀಲ.
ಐವತ್ತರದು ಆಮ್ಯಾಲ ಬಂದದ್ದು.’
ಮೌನೇಶಗ ಚಹಾಕ್ಕ ಕಳಿಸಿದೆ.

ಪಟ್ಟಿ ಇಳಿಸಿದೆ. ಹಳೇ ಫೋಮು ಕಿತ್ತೆ.
ತೊಗಲು ತೆಗದು ದಪ್ಪ ನೂಲಿನ ಬಟ್ಟಿ ಹಾಕಿದೆ.
ಬಲಕ್ಕ ಕೊರದೆ, ಎಡಕ್ಕ ಏರಿಸಿದೆ.
ನೆಟ್ಟಗ ಮಾಡಲಿಲ್ಲ,
ಸೊಟ್ಟಕ್ಕ ಜಾಗ ಕೊಟ್ಟೆ.

ಮುಗದ ರಾತ್ರಿ ಶಟರ್ ಅರ್ಧ ಇಳಿಸಿ
ನಾನೇ ಒಮ್ಮಿ ಕುಂತೆ.
ನಂದು ಐದು ಫೂಟಿನ ಮೈ, ಪೆಡಲ್ ಸಿಗಲಿಲ್ಲ.
ಟೊಂಕ ಬಲಕ್ಕ ವಾಲಿತು. ಕುತ್ತಿಗಿ ತಾನಾಗೇ ಬಾಗಿತು.
ಹೆಗಲ ಮ್ಯಾಲ ಏನೂ ಇರಲಿಲ್ಲ,
ಆದ್ರೂ ಕೈ ಮ್ಯಾಲ ಹೋಗಿ
ಹಿಡೀಲಾಕ ನೋಡಿತು.

ಒಯ್ಯಾಕ ಬಂದ ದಿನ ಸುಗಲಾಬಾಯಿನೂ ಬಂದಿದ್ರು.
ಮದಲ ಅವರೇ ಡ್ರೈವರ್ ಸೀಟಿನ್ಯಾಗ ಇಳದ್ರು.
‘ಅಯ್ಯ, ಇದು ಮನ್ಯಾಗಿನ ಗಾದಿ ಕುಣಿ ಇದ್ದಂಗ ಅದಲ್ಲ!
ಇಪ್ಪತ್ತೆಂಟು ವರ್ಷದಿಂದ ನಾ ಇದರಾಗ ಉರಳಿ ಬೀಳಾಕತ್ತೀನಿ.’
ಅವರಿಗಿ ಹೊರಗ ತೆಗೀಲಾಕ
ಇಬ್ಬರು ಬೇಕಾದ್ರು.

ಅಂಬಾರಾಯ ಹೊಂಡೂ ಮುಂಚೆ ಬ್ಯಾಳಿ ತೂಕಕ್ಕ ಹಾಕಿಸ್ದ.
ಪಾವು ಕಿಲೊ ಕಮ್ಮಿ.
ನನ್ನ ಮಾರಿ ನೋಡ್ದ. ನಾ ಮೌನೇಶನ ಮಾರಿ ನೋಡಿದೆ.
ಮೌನೇಶ ಫರಸಿ ಸಂದಿ ನೋಡ್ದ.

ವಾರದ ಮ್ಯಾಲ ಫೋನು.
‘ನೂರಾ ನಲವತ್ತಕ್ಕ ಹೊಡದೆ, ಕಾಲು ಜುಂ ಅನಲಿಲ್ಲ.
ಆದ್ರ ಬ್ರೇಕ್ ಒತ್ತಿದಾಗೆಲ್ಲ
ತೊಡಿ ತೆಳಗ ಏನೋ ಖರ್ ಅಂತದ.’
‘ಬ್ಯಾಳಿ ಇರಬೇಕ್ರಿ. ಹೊಲಿಗಿ ಬಿಚ್ಚಲೇನು?’
ಆ ಕಡಿ ಇಂಜಿನ್ ಸಪ್ಪಳ ಅಷ್ಟೇ.
ಆಮ್ಯಾಲ:
‘ಅದರ ರೊಕ್ಕ ನಿನ್ನ ಬಿಲ್ಲಿನ್ಯಾಗ ಆಗಳೇ ಮುರಕೊಂಡೀನಿ.
ಇರ್ಲಿ ಬಿಡು.’