ಕೋಣದ ಎಡಗಣ್ಣು

ಮೊಂಬಾಸಾದಿಂದ ಹಡಗು, ಮುಂಬೈಯಿಂದ ಗೂಡ್ಸು,
ಕೊಪ್ಪಳ ಟೇಶನ್ನಿನಿಂದ ಕಿನ್ನಾಳಕ್ಕ ಎತ್ತಿನ ಬಂಡಿ.
ಗೋಣಿತಟ್ಟು ಬಿಚ್ಚಿದರ
ಹುಲ್ಲಿನ ನಡುವ ಒಂದು ಕೋಣದ ತಲಿ.
ನಮ್ಮ ಕೋಣ ಅಲ್ಲ. ನಡುನೆತ್ತಿಗೆ ಬೈತಲಿ ತಗದು
ಎರಡೂ ಕಡೆ ಎಣ್ಣಿ ಹಚ್ಚಿ ಬಾಚಿದಂಗ ಕೋಡು.
ನನ್ನ ಹೆಂಡತಿ ನೋಡಿ,
"ಮದುವಿಗೆ ಹೊಂಟೈತೇನು ಇದು?" ಅಂದಳು.

ಬಲಗಿವಿ ಹಡಗಿನ ಇಲಿ ತಿಂದಿದ್ದವು.
ಎಡಗಣ್ಣಿನ ಗಾಜು ಎಲ್ಲಿ ಬಿತ್ತೋ, ಬರೇ ತೂತು.
"ಪರಮಣ್ಣ, ಗರುಡನ ಕಣ್ಣು ಬರದಿ, ದ್ಯಾಮವ್ವನ ಕಣ್ಣು ಬರದಿ,
ಒಂದು ಕೋಣದ ಕಣ್ಣು ನಿನಗ ಯಾವ ಲೆಕ್ಕ?"
ಅಂದರು ಪಂಪಯ್ಯಶೆಟ್ರು.
ಮ್ಯಾಂಗನೀಸಿನ ದುಡ್ಡು. ಆಫ್ರಿಕಾದ ಜ್ವರ ಇನ್ನೂ ಇಳಿದಿರಲಿಲ್ಲ,
ಅವರ ಕಣ್ಣೂ ಅರಿಷಿಣ.

ಕಿವಿ ಸಲೀಸು. ಗೋಣಿನಾರು ನೆನಸಿ, ಒಣಗಿಸಿ, ಕುಟ್ಟಿ
ಹುಣಸಿಬೀಜದ ಸರಿಯಾಗ ಕಲಸಿದರ
ಕಿಟ್ಟ ತಾನಽ ಕಿವಿಯಂಗ ಮಡಚಿಗೊಳ್ಳತೈತಿ.
ಕಣ್ಣು ಹಂಗಲ್ಲ.
ಕಣ್ಣು ಬರೆಯೂ ಮೊದಲು ಕೇಳಬೇಕು:
ಇದು ಯಾರನ್ನ ನೋಡಾಕತ್ತೈತಿ?

"ನನ್ನ!" ಅಂದರು ಶೆಟ್ರು.
"ಹತ್ತು ಮಾರು ದೂರ. ಮಣ್ಣು ಹಾರಸಕೋತ ಬಂತು.
ನಾ ನಿಂತ ಜಾಗ ಬಿಡಲಿಲ್ಲ. ಒಂದಽ ಗುಂಡು."
ಹೇಳುವಾಗ ಅವರ ಎಡಗಾಲು ಹಿಂದ ಸರೀತು.
ನಾ ನೋಡಿದೆ. ಅವರು ನೋಡಲಿಲ್ಲ.

ಸಂಜೀಕ ಖಾಸಿಂಪೀರ ಒಬ್ಬನಽ ಬಂದ.
ಶೆಟ್ರ ಕೂಡ ಹೋದವ, ಅಡಗಿ ಮಾಡಾಕ, ಬಂದೂಕು ಒರಸಾಕ.
ನಮ್ಮ ಗುಡ್ಡದಾಗ ಮೊಲ ಬಿಟ್ಟು ಬ್ಯಾರೆ ಏನೂ ಹೊಡದವನಲ್ಲ.
ಕಟ್ಟಿಮ್ಯಾಲ ಕುಂತು ಚಾ ಆರಿಸಿಗೋತ ಹೇಳಿದ:

"ಅಲ್ಲಿ ಹುಲ್ಲು ಆಳೆತ್ತರ, ಪರಮಣ್ಣ.
ಗಾಳಿ ಬಂದರ ತುಂಗಭದ್ರಾ ನೆಗಸು ಬಂದಂಗ ಹೊಯ್ದಾಡತೈತಿ.
ರಾತ್ರಿ ಚುಕ್ಕಿ ಅಂದರ, ಕಣದಾಗ ಜ್ವಾಳ ತೂರಿದಂಗ.
ಸಿಂಹ ಕೆಮ್ಮಿದರ ಎದಿ ಎಲುಬು ನಡಗತಾವು.
ಸುಳ್ಳು ಯಾಕ ಹೇಳಲಿ, ನನಗ ಖುಷಿ ಆತು.
ಇಷ್ಟು ವರ್ಷ ಬೆರಳಿನಷ್ಟಽ ಬದುಕಿದ್ದೆ ಅನಿಸಿತು.

ಮೊದಲ ಗುಂಡು ಹೊಟ್ಟಿಗೆ ಬಿತ್ತು.
ಕೋಣ ಮುಳ್ಳಕಂಟಿ ಹೊಕ್ಕಿತು.
ಗಾಯದ್ದನ್ನ ಬಿಟ್ಟು ಬರಬಾರದಂತ, ಅದು ಅಲ್ಲಿನ ನೇಮ.
ಹೆಜ್ಜಿ ನೋಡಾಂವ ಸೆಫು, ಮುಂದ ಅವ. ಕೈಯಾಗ ಒಂದು ಕೋಲು.
ಶೆಟ್ರು ಗಿಡಾ ಹತ್ತಿದರು.
ಹೊಡದವರು ಖರೇನಽ ಅವರು. ಗಿಡದ ಮ್ಯಾಲಿಂದ, ಮೂರು ಗುಂಡು.
ಆದರ ಅಷ್ಟರಾಗ..."

ಚಾ ಆರಿತ್ತು. ಕುಡೀಲಿಲ್ಲ.

"ಹಂಗಾರ ಇದು ಶೆಟ್ರನ್ನ ನೋಡಲೇ ಇಲ್ಲೇನು?"
"ಒಮ್ಮೀನೂ ಇಲ್ಲ" ಅಂದ,
ಕಟ್ಟಿಮ್ಯಾಲ ತನ್ನ ಬಾಜೂಕ, ಯಾರೂ ಇಲ್ಲದ ಕಡೆ
ಗದ್ದ ಮಾಡಿ ತೋರಿಸಿದ.

ಶೆಟ್ರಿಗೆ ತಲಿ ಸಿಕ್ತು. ಖಾಸಿಂಪೀರಗ ಕೈಗಡಿಯಾರ,
ಈಗೂ ಆ ದೇಶದ ಹೊತ್ತಽ ತೋರಸತೈತಿ, ಮುಳ್ಳು ತಿರುವಿಲ್ಲ ಅವ.
ಸೆಫೂನ ಹೆಂಡತಿಗೆ ಎರಡು ಚೀಲ ಮೆಕ್ಕಿಜ್ವಾಳ, ಒಂದು ಕಂಬಳಿ.
ಕಂಬಳಿ ಯಾವ ಬಣ್ಣದ್ದು ಅಂತ ಕೇಳಿದೆ,
ಬಣ್ಣದವರ ಚಟ.
"ನೀಲಿ."

ದೇವರ ಕಣ್ಣು ತೆರೆಯುವಾಗ ಎದುರು ನಿಲ್ಲಬಾರದು,
ಕನ್ನಡಿ ಹಿಡದು ನೋಡಿ ಬರೀಬೇಕು ಅಂತಿದ್ದ ಅಪ್ಪ.
ಕೋಣಕ್ಕ ಕನ್ನಡಿ ಬೇಕೋ ಬ್ಯಾಡೋ, ಹೇಳಿರಲಿಲ್ಲ.
ಹಿಡದೆ.
ಕರಿ ಮ್ಯಾಲ ಕರಿ, ಮತ್ತ ಕರಿ,
ಅಂಚಿಗೆ ಒಂದು ಕೂದಲೆಳಿಯಷ್ಟು ನೀಲಿ.

ಶೆಟ್ರು ಬಂಗಲೇದಾಗ ಎಲ್ಲಿ ಕುರ್ಚಿ ಹಾಕಿದರೂ
ಅದರ ನೋಟ ಒಂದು ಗೇಣು ಆಚೆ ಹೋಗತೈತಂತ,
ಅವರ ಹೆಗಲಿನ ಹಿಂದ ಯಾರೋ ಬಂದು ನಿಂತಾಂಗ.
"ವಾರೆಗಣ್ಣು ಮಾಡಿಟ್ಟಿ" ಅಂತ ಬೈದು
ಐದು ರೂಪಾಯಿ ಹಿಡಕೊಂಡರು.
ಹಿಡಕೊಳ್ಳಲಿ.

ಬರೂ ವರ್ಷ ಮತ್ತ ಹೊಂಟಾರಂತ.
ಖಾಸಿಂಪೀರನೂ.
"ಯಾಕೋ, ಮತ್ತ ನೀ ಯಾಕ?" ಅಂದೆ.
ಅವ ಗಡಿಯಾರಕ್ಕ ಕೀಲಿ ಕೊಡಾಕತ್ತಿದ್ದ.