ಹತ್ತರ ಮನಿ

ಐತವಾರಾನೂ ಬನಹಟ್ಟ್ಯಾಗ ಮಗ್ಗ ನಿಂತಿರಲಿಲ್ಲ,
ನಮಗೂ ಸೂಟಿ ಇರಲಿಲ್ಲ.
ಸಾಲಿ ಮಾಳಿಗಿ ಮ್ಯಾಲ ಇಪ್ಪತ್ತಾರು ಮಂದಿ,
ಎರಡನೆತ್ತೆ ಮಕ್ಕಳ ಬೆಂಚಿನ್ಯಾಗ
ಮೊಣಕಾಲು ಎಲ್ಲಿಡಬೇಕಂತ ತಿಳೀದ
ಅಡ್ಡಡ್ಡ ಕೂತಿದ್ವಿ.

ತರಬೇತಿಗೆ ಬರದಿದ್ರ ಒಂದು ದಿನದ ಪಗಾರ ಕಟ್ ಅಂತ
ಶನಿವಾರ ರಾತ್ರಿನ ಮೊಬೈಲಿಗೆ ಬಂದಿತ್ತು.
ಕಳಿಸಿದಾವ್ರು ಆಡಳಿತಾಧಿಕಾರಿ ಕೊಣ್ಣೂರ ಸರ್.
ಫೀ ಕಟ್ಟದವರ ಯಾದಿ ಓದೂ ದನಿಯಾಗ
ಗುಡ್ ಮಾರ್ನಿಂಗ್ ಅನ್ನಾವ್ರು.
ಕಡೀ ಬೆಂಚಿನ್ಯಾಗ ಅವರೂ ಇದ್ರು,
ಕೀಲಿಕೈ ಗೊಂಚಲ ಮುಷ್ಟಿಯೊಳಗ.

ಧಾರವಾಡದಿಂದ ಬಂದ ನಿವೇದಿತಾ ಮೇಡಂ
ಲ್ಯಾಪ್‌ಟಾಪ್ ತಗದ್ರು. ಕರೆಂಟ್ ಹೋತು.
ನಕ್ಕರು, ಮುಚ್ಚಿದ್ರು, ಖಡು ಹಿಡದ್ರು.
ಅಲ್ಲೀತನಕ ನನಗ ಅವರ ಮ್ಯಾಲ ನಂಬಿಕಿ ಇರಲಿಲ್ಲ.

“ಪ್ರಶ್ನೆ ಕೇಳಿ ಮೂರು ಸೆಕೆಂಡು ಸುಮ್ಮನಿರ್ರಿ.
ಉತ್ತರ ನೀವ ಹೇಳಬ್ಯಾಡ್ರಿ.”
ಇಷ್ಟ? ಅಂದ್ಲು ರಜಿಯಾ ನನ್ನ ಕಿವ್ಯಾಗ,
ಮೂರು ಸೆಕೆಂಡು ಕಲಿಯಾಕ ಇಡೀ ಐತವಾರ?
ಮನ್ಯಾಗ ಆಕಿ ನೆನಸಿಟ್ಟ ಅರಿವಿ ಹಂಗ ಇದ್ವು.

ಪ್ಲಾಸ್ಟಿಕ್ ಮಗ್ಗಿನ್ಯಾಗಿಂದ ಚೀಟಿ ಎತ್ತಿದ್ರು,
ಏಳು ನಿಮಿಷದ ಪಾಠಕ್ಕ.
ಬಂದದ್ದು ಕೊಣ್ಣೂರ ಸರ್ ಹೆಸರು.
“ನಂದು ಆಫೀಸ್ ಕೆಲಸರಿ,” ಅಂದ್ರು.
ಮೇಡಂ ಮೂರು ಸೆಕೆಂಡು ಸುಮ್ಮನಿದ್ರು.
ಸರ್ ಎದ್ದು ಬಂದ್ರು.

ಹನ್ನೊಂದು ವರ್ಷದಾಗ ಮೊದಲ ಸಲ
ಅವರ ಬೆನ್ನು ನೋಡಿದ್ವಿ ನಾವು.
ಅಂಗಿಗೆ ಬೆವರು. ಖಡು ಎರಡು ಸಲ ಮುರೀತು.
ಐವತ್ತೆರಡರಾಗ ಇಪ್ಪತ್ತೇಳು.
“ಎರಡರಾಗ ಏಳು ಹೋಗಂಗಿಲ್ಲ.
ಬಾಜೂಕಿನ ಹತ್ತರ ಮನಿಗೆ ಹೋಗಿ
ಒಂದು ಕಡಾ ತರಬೇಕು.”

ನಾವು ಮೂರನೆತ್ತೆ ಮಕ್ಕಳ ವೇಷದಾಗಿದ್ವಿ.
ನಾ ಕೈ ಎತ್ತಿದೆ:
“ಸರ್, ಆ ಕಡಾ ಯಾವಾಗ ತಿರಗಿ ಕೊಡ್ತಾರ್ರೀ?”

ಎಲ್ಲಾರೂ ನಕ್ಕರು. ಪ್ರಶ್ನೆ ನಂದಲ್ಲ.
ಆರು ವರ್ಷದ ಹಿಂದ ಭಾಗೀರತಿ ಕುಲಗೋಡ,
ಅವರಪ್ಪ ಸೈಜಿಂಗ್ ಗಿರಣ್ಯಾಗ, ಎರಡು ಕಂತು ಫೀ ಬಾಕಿ,
ಇದನ್ನ ಕೇಳಿದ್ಲು ನನಗ.
“ಲೆಕ್ಕಾ ಮಾಡು, ಹಂಗೆಲ್ಲ ಕೇಳಬಾರದು,” ಅಂದಿದ್ದೆ.
ಪೋರ್ಶನ್ ಮುಗಿಸೂದಿತ್ತು.
ಆಕಿ ಮಾಡಿದ್ಲು. ಉತ್ತರ ಸರಿ ಇತ್ತು.
ದೀಪಾವಳಿ ಸೂಟಿ ಆದ ಮ್ಯಾಲ ಬರಲಿಲ್ಲ.
ಹಾಜರಿ ಪುಸ್ತಕದಾಗ ಆಕಿ ಹೆಸರಿನ ಮ್ಯಾಲ
ಪಟ್ಟಿ ಹಿಡದು, ಸೊಟ್ಟ ಆಗದಂಗ,
ಕೆಂಪು ಗೆರಿ ಎಳದಾಕಿ ನಾನ.

ಕೊಣ್ಣೂರ ಸರ್ ಹಲಗಿ ನೋಡಿದ್ರು.
ಐದು ಹೊಡದು ನಾಕು, ಎರಡರ ಎಡಕ್ಕ ಸಣ್ಣ ಒಂದು.
“ಅದು… ಕಡಾ ಅಲ್ಲ,” ಅಂದ್ರು ನಿಧಾನಕ್ಕ.
“ಅದು ಅದರದ ಹತ್ತು. ಸಂಖ್ಯೆ ಒಂದ, ಮನಿ ಎರಡು.”
“ಹಂಗಾರ ಕಡಾ ಅಂತ ಯಾಕಂತೀವಿ?”
ಡ್ರಾಯಿಂಗ್ ಪರಪ್ಪ ಮಾಸ್ತರ ಕೇಳಿದ್ದು ವೇಷದಾಗಲ್ಲ,
ಅವರಿಗೆ ಖರೇನ ಗೊತ್ತಿರಲಿಲ್ಲ.
ಸರ್ ಕೀಲಿ ಗೊಂಚಲ ಟೇಬಲ್ ಮ್ಯಾಲ ಇಟ್ರು.
ಏಳು ನಿಮಿಷ ಆಗಿ ಹೋಗಿತ್ತು.
ಮೇಡಂ ಗಂಟಿ ಬಾರಿಸಲಿಲ್ಲ.

ಸಂಜಿಗೆ ಪ್ರಮಾಣಪತ್ರ, ಒಂದೊಂದು ಬಾಳೆಹಣ್ಣು.
ಅನ್ನಪೂರ್ಣಾ ಅನ್ನೂ ನನ್ನ ಹೆಸರಿಗೆ ಒಂದು ಒತ್ತು ಕಡಿಮಿ.
ಯಾರ ಮನಿಗೆ ಕಡಾ ಹೋಗಿತ್ತೋ.

ಸೋಮವಾರ ಫೀ ಯಾದಿ ಬಂತು, ಬರದ ಇರತೈತೇನು.
ಖರೆ, ಪ್ರಾರ್ಥನಾದಾಗ ಓದಲಿಲ್ಲ;
ಮಡಚಿದ ಕಾಗದ, ನನ್ನ ಕೈಗೆ.
ಇಷ್ಟರ ಮ್ಯಾಲ ನಾ ಏನೂ ಹೇಳಂಗಿಲ್ಲ.

ಮೂರನೆತ್ತೆ, ಬ ವಿಭಾಗ.
ಅರವತ್ತೊಂದರಾಗ ಮೂವತ್ತೆಂಟು.
“ಒಂದರಾಗ ಎಂಟು ಹೋಗತೈತೇನು? ಏನು ಮಾಡೋಣು?”
ಕೇಳಿ ಸುಮ್ಮನ ನಿಂತೆ.
ಕಿಟಕಿ ಆಚೆ ಮಗ್ಗ ಖಟಕ್ ಖಟಕ್.
ಮೂರು ಸೆಕೆಂಡು ಇಷ್ಟು ಉದ್ದ ಇರತಾವಂತ
ಹತ್ತೊಂಬತ್ತು ವರ್ಷ ಯಾರೂ ಹೇಳಿರಲಿಲ್ಲ ನನಗ.
ನಾಲಿಗಿ ತುದಿಗೆ ಬಂದ ಉತ್ತರ ನುಂಗಿದೆ.

ಹಿಂದಿನ ಬೆಂಚಿನ್ಯಾಗ ಒಂದು ಕೈ
ಅರ್ಧ ಏರಿ,
ತಲಿ ಕೆರಕೊಂಡಂಗ ಮಾಡಿ, ಇಳೀತು.

ಇನ್ನೊಂದು ಮೂರು ಎಣಸಾಕ ಸುರು ಮಾಡಿದೆ.