ನಾನೂರ ಹನ್ನೆರಡನೆಯದು

ಯಾಬ್ಲೊನೆಟ್ಸಿನ ಗಾಜಿನ ಗುಂಡಿಗಳು ಎಂಬತ್ತು ಸಾವಿರ,
ಒಂದೊಂದಕ್ಕೂ ಇನ್ನೂರ ಐವತ್ತಾರು ಅಂಕಿಯ ಜಾತಕ.
ಎಲ್ಲವನ್ನೂ ಹೋಲಿಸುತ್ತ ಕೂತರೆ ಟ್ರಾಮು ತಪ್ಪುತ್ತದೆ.
ಅದಕ್ಕೇ ನಡುವೆ ಕೆಲವನ್ನು ಪಂಚರಂತೆ ಕೂರಿಸಿದ್ದೇನೆ:
ನೀನು ಪಂಚನಿಗೆ ಹತ್ತಿರ, ಅವನು ಪಂಚನಿಗೆ ದೂರ,
ಹಾಗಾದರೆ ನೀವಿಬ್ಬರೂ ದೂರವೇ;
ಮುಖ ನೋಡದೆ ಕೈಬಿಡಬಹುದು.
ತ್ರಿಕೋನದ ಈ ಒಂದು ನ್ಯಾಯದಿಂದ
ಆರು ವರ್ಷ ಸಂಬಳ ಬಂದಿದೆ ನನಗೆ.

ಮಂಗಳವಾರ ಲಿಬೆರೆಟ್ಸಿನ ನಾಟಕಶಾಲೆಯಿಂದ ವೆಂದುಲಾ ಬಂದಳು.
ತೋಳಮೇಲೆ ಕೋಟು. ಹಸಿರು ಗುಂಡಿ ಐದು,
ಆರನೆಯ ಜಾಗದಲ್ಲಿ ಬರೀ ದಾರ.
ಫೋಟೋ ತೆಗೆದು ಗುಂಡಿ ಒತ್ತಿದೆ.
ರೆಪ್ಪೆ ಬಡಿಯುವುದರೊಳಗೆ ಹತ್ತು ನೆರೆಯವರು.
ಮೊದಲನೆಯದು ಅದೇ ಅಚ್ಚು, ಅದೇ ಹಸಿರು,
ದೂರ ಸೊನ್ನೆ ದಶಾಂಶ ಸೊನ್ನೆ ಒಂದು.
ಬೀಗಿದೆ.

ಊಹೂಂ, ಅಂದಳು. ಇನ್ನೂ ತೋರಿಸು.
ಹತ್ತರಾಚೆಗೆ ನನ್ನ ಯಾವ ಪ್ರಬಂಧವೂ ನಡೆದಿಲ್ಲ.
ಜರಡಿ ಕಿತ್ತು ಅಷ್ಟನ್ನೂ ಸಾಲಾಗಿ ಬಿಟ್ಟೆ.
ಅವಳ ಬೆರಳು ಇಳಿಯಿತು, ಇಳಿಯಿತು,
ನಾನೂರ ಹನ್ನೆರಡರ ಮೇಲೆ ನಿಂತಿತು:
ಕಂದು. ಅಂಚಿಗೆ ಗರಗಸದ ಹಲ್ಲು.

"ಕಳೆದದ್ದು ಇಂಥದು. ಯಾವಾಗಲೋ ಯಾರೋ
ಸಿಕ್ಕಿದ್ದನ್ನು ಹೊಲಿದಿದ್ದರು.
ಒಟಕಾರ್ ಮೂರನೆಯ ಅಂಕದಲ್ಲಿ
ಹೆಬ್ಬೆರಳಿಂದ ಅದನ್ನೇ ತಡವುತ್ತಾನೆ,
ಆಮೇಲೆ ಮಾತು ಬರುತ್ತದೆ.
ಶನಿವಾರ ನುಣುಪಿನದು ಹಾಕಿದೆವು.
ನಿಂತೇಬಿಟ್ಟ, ಕಂಬದ ಹಾಗೆ."

ಅಳತೆ ತಪ್ಪಿರಲಿಲ್ಲ.
ಐದನ್ನು ಮುಂದಿಟ್ಟು ಆರನೆಯದನ್ನು ಕೇಳಿದ್ದೆವು.
ಮತ್ತೆ ಪಂಚರ ಕಡತ ತೆರೆದು ನೋಡಿದೆ:
ಮೂರನೆಯವನೇ ಅದನ್ನು ಕೈಬಿಟ್ಟಿದ್ದ,
ನ್ಯಾಯವಾಗಿಯೇ, ಮುಖ ನೋಡದೆ.

ಅವಳು ಪೆಟ್ಟಿಗೆಯ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡಳು.
ಕೋಟು ಹೊರಟಿತು.
ಟ್ರಾಮೂ.